ಕರ್ನಲ್ ಸಾಹೇಬರ ಎರಡು ‘ಬಹುಶಃ’

ಎಡ್ವರ್ಡ್ ಹೌಸ್ ಅವರನ್ನು ಲೋಕವೆಲ್ಲ ‘ಕರ್ನಲ್’ ಅಂತಲೇ ಕರೆಯಿತು. ಮನುಷ್ಯ ಸೇನೆಗೆ ಸೇರಿದವರಲ್ಲ, ಯುದ್ಧ ಮಾಡಿದವರಲ್ಲ. 1892ರಲ್ಲಿ ಟೆಕ್ಸಸ್ ಗವರ್ನರ್ ಹಾಗ್ ಅವರನ್ನು ಚುನಾವಣೆಯಲ್ಲಿ ಗೆಲ್ಲಿಸಿಕೊಟ್ಟದ್ದಕ್ಕೆ ಸಿಕ್ಕ ಬಿರುದು ಅದು. ಜೊತೆಗೆ ಬಂದ ಯೂನಿಫಾರಂ ಅನ್ನು ತಮ್ಮ ಸಾರೋಟು ಹೊಡೆಯುವವನಿಗೆ ಕೊಟ್ಟುಬಿಟ್ಟರಂತೆ. ಬಟ್ಟೆ ಹೋಯಿತು, ಬಿರುದು ಮೈಗೆ ಅಂಟಿಕೊಂಡಿತು.

ಈ ಕರ್ನಲ್ ಮೊದಲನೇ ಮಹಾಯುದ್ಧವನ್ನೇ ನಿಲ್ಲಿಸಲು ಹೊರಟರು. ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಅವರಿಗೆ ಜೀವದ ಗೆಳೆಯ. ಸಂಪುಟಕ್ಕೆ ಬನ್ನಿ ಅಂದರೂ ಹೌಸ್ ಬೇಡ ಅಂದರು. ಬುದ್ಧಿವಂತರು! ಮಂತ್ರಿಯಾದರೆ ಫೈಲ್ ನೋಡಬೇಕು, ಸಹಿ ಹಾಕಬೇಕು, ಎಡವಟ್ಟಾದರೆ ಉತ್ತರ ಕೊಡಬೇಕು. ನ್ಯೂಯಾರ್ಕಿನ ಮನೆಯಲ್ಲಿ ಸುಮ್ನೆ ಕೂತರೆ ಆ ರಗಳೆ ಇಲ್ಲ. ಆ ಮನೆಯಿಂದ ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆಗೆ ನೇರ ಫೋನ್ ಲೈನ್ ಬೇರೆ.

ನನಗೆ ಪಾಪ ಅನಿಸುವುದು ವಿದೇಶಾಂಗ ಮಂತ್ರಿ ಬ್ರಯಾನ್ ಬಗ್ಗೆ. ಶಾಂತಿ ಮಾತಾಡಲು ಯುರೋಪಿಗೆ ತಾನೇ ಹೋಗಬೇಕೆಂದು ಅವರಿಗೆ ಆಸೆ. 1915ರ ಜನವರಿಯಲ್ಲಿ, ಹೋಗುತ್ತಿರುವುದು ಹೌಸ್ ಅಂತ ಗೊತ್ತಾಗಿ ಮುಖ ಸಪ್ಪಗಾಯಿತು. ಹೌಸ್ ಸಮಾಧಾನ ಮಾಡಿದ ಚಂದ ನೋಡಿ: ಅಧಿಕೃತವಾಗಿ ಯಾರೂ ಹೋಗೋದು ಸರಿಯಲ್ಲ, ನೀವು ಹೋದರೆ ಎಲ್ಲರ ಕಣ್ಣಿಗೆ ಬೀಳುತ್ತೆ! ಮದುವೆ ಮಾತುಕತೆಗೆ ಹುಡುಗಿಯ ಅಪ್ಪ ಬರೋದು ಬೇಡ, ಪಕ್ಕದ ಮನೆಯವರು ಮುಗಿಸಿಕೊಂಡು ಬರ್ತಾರೆ ಅಂದ ಹಾಗಾಯಿತು ಅಲ್ವಾ?

ಹೌಸ್ ಹತ್ತಿದ್ದು ಬ್ರಿಟನ್ನಿನ ಹಡಗು ಲುಸಿಟಾನಿಯಾ. ಐರ್ಲೆಂಡ್ ಹತ್ತಿರ ಬರುತ್ತಿದ್ದಂತೆ ಜರ್ಮನ್ ಸಬ್‌ಮರೀನಿಗೆ ಹೆದರಿ ಕ್ಯಾಪ್ಟನ್, ಆಗಿನ್ನೂ ಯುದ್ಧಕ್ಕೆ ಇಳಿಯದ ಅಮೆರಿಕದ ಬಾವುಟ ಏರಿಸಿಬಿಟ್ಟ. ಹಡಗು ಬ್ರಿಟನ್ನಿನದು, ಬಾವುಟ ಅಮೆರಿಕದ್ದು, ಒಳಗೆ ಸೇನೆ ಕಾಣದ ಕರ್ನಲ್. ಅಲ್ಲಿ ಅಸಲಿ ಅಂತ ಇದ್ದದ್ದು ಸಮುದ್ರ ಒಂದೇ. (ಮೂರು ತಿಂಗಳಿಗೆ ಅದೇ ಹಡಗನ್ನು ಜರ್ಮನ್ನರು ಮುಳುಗಿಸಿದರು, ಸಾವಿರಕ್ಕೂ ಜಾಸ್ತಿ ಜನ ಸತ್ತರು. ಅದರಲ್ಲಿ ನಗುವಂಥದ್ದೇನೂ ಇಲ್ಲ.)

ಮರುವರ್ಷ ಮತ್ತೆ ಹೋದರು. ಲಂಡನ್, ಬರ್ಲಿನ್, ಪ್ಯಾರಿಸ್ ಸುತ್ತಿ, ಫೆಬ್ರವರಿಯಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಗ್ರೇ ಜೊತೆ ಕೂತು ಒಂದು ಕಾಗದ ಸಿದ್ಧ ಮಾಡಿದರು. ಲಂಡನ್ನಿನಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದ ಅಮೆರಿಕದ ರಾಯಭಾರಿ ಪೇಜ್, ಈ ಆಟಕ್ಕೆ ನಾನಿಲ್ಲ ಅಂದಿದ್ದರು. ಕಾಗದದಲ್ಲಿ ಇದ್ದದ್ದು ಇಷ್ಟು: ಶಾಂತಿ ಸಭೆಗೆ ಜರ್ಮನಿ ಒಪ್ಪದಿದ್ದರೆ ಅಮೆರಿಕ ‘ಬಹುಶಃ’ ಯುದ್ಧಕ್ಕೆ ಇಳಿಯುತ್ತದೆ. ಸಭೆಗೆ ಬಂದು ಹಟ ಹಿಡಿದರೆ ಆಗಲೂ ಇಳಿಯುತ್ತದೆ. ವಿಲ್ಸನ್ ಓದಿದರು, ಮೆಚ್ಚಿದರು, ಎರಡನೇ ಮಾತಿಗೂ ಒಂದು ‘ಬಹುಶಃ’ ಸಿಕ್ಕಿಸಿದರು. ಅಷ್ಟೆಲ್ಲ ತಿರುಗಿದ್ದಕ್ಕೆ ಕೈಗೆ ಬಂದದ್ದು ಎರಡು ಬಹುಶಃ! ಬ್ರಿಟನ್ ಆ ಕಾಗದದ ಸುದ್ದಿಯನ್ನೇ ಮತ್ತೆ ಎತ್ತಲಿಲ್ಲ. 1917ರ ಏಪ್ರಿಲ್‌ನಲ್ಲಿ ಅಮೆರಿಕ ತಾನಾಗಿಯೇ ಯುದ್ಧಕ್ಕೆ ಇಳಿಯಿತು, ಬಹುಶಃ ಗಿಹುಶಃ ಯಾವುದೂ ಇಲ್ಲದೆ.

ಕೊನೆಗೆ ಹೌಸ್ ಅವರಿಗೂ ಹುದ್ದೆ ಅಂತ ಒಂದು ಬಂತು. 1919ರ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಅಮೆರಿಕದ ಐವರು ಪ್ರತಿನಿಧಿಗಳಲ್ಲಿ ಅವರೂ ಒಬ್ಬರು. ವಿಲ್ಸನ್ ನಡುವೆ ಒಮ್ಮೆ ಊರಿಗೆ ಹೋಗಿ ಬಂದು ನೋಡಿದರೆ, ಗೆಳೆಯ ಬ್ರಿಟನ್, ಫ್ರಾನ್ಸ್‌ನವರಿಗೆ ಸಿಕ್ಕಾಪಟ್ಟೆ ಬಿಟ್ಟುಕೊಟ್ಟಿದ್ದಾರೆ ಅಂತ ಮುನಿಸು. ಜೂನ್ 28ಕ್ಕೆ ವರ್ಸೇಲ್ಸ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಹೌಸ್ ಕೂಡ ಸಹಿ ಹಾಕಿದರು. ಆ ರಾತ್ರಿ ವಿಲ್ಸನ್ ರೈಲು ಹತ್ತಿದರು. ಮತ್ತೆ ಇಬ್ಬರೂ ಮುಖ ನೋಡಲೇ ಇಲ್ಲ.

ಆ ವರ್ಷದ ನವೆಂಬರಿನಲ್ಲಿ ಹೌಸ್ ಇನ್ನೊಂದೆರಡು ಸಲಹೆ ಬರೆದು ಕಳಿಸಿದರು. ಉತ್ತರ ಬರಲಿಲ್ಲ.