ಗರ್ಭಿಣಿಗೆ ಲಿಂಫೋಮಾ ಮರುಕಳಿಸಿದರೆ ಮೊದಲು ವಾರ ಎಣಿಸಿ

‘ತಾಯಿ ಬೇಕೋ ಮಗು ಬೇಕೋ’ ಎಂದು ಮನೆಯವರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳುವ ಚಾಳಿ ಮೊದಲು ನಿಲ್ಲಬೇಕು. ಗರ್ಭಿಣಿಗೆ ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಮರುಕಳಿಸಿದಾಗ ಕೇಳಬೇಕಾದ್ದು ಎರಡೇ: ಎಷ್ಟು ವಾರವಾಯಿತು, ಗಡ್ಡೆ ಎಷ್ಟು ಬೇಗ ಬೆಳೆಯುತ್ತಿದೆ?

ಕಾಯಿಲೆ ಮರಳಿದ್ದು ನಿಜವೇ ಎನ್ನುವುದೂ ಖಚಿತವಾಗಲಿ. ಸುಸ್ತು, ಬೆವರು, ರಕ್ತಹೀನತೆ ಬಸಿರಿನಲ್ಲೂ ಸಾಮಾನ್ಯ. ಇಎಸ್‌ಆರ್ (ಉರಿಯೂತ ಸೂಚಿಸುವ ರಕ್ತಪರೀಕ್ಷೆ) ಅಂತೂ ಹೇಗೂ ಏರಿರುತ್ತದೆ, ಅದನ್ನು ನಂಬಬೇಡಿ. ಕತ್ತಿನ ಗಡ್ಡೆಯಾದರೆ ಆ ಜಾಗಕ್ಕಷ್ಟೇ ಮರಗಟ್ಟಿಸಿ, ಇಡಿಯಾಗಿ ತೆಗೆದು ಬಯಾಪ್ಸಿಗೆ ಕಳಿಸಬಹುದು. ವಿಕಿರಣ ಬಳಸುವ ಪೆಟ್ ಸ್ಕ್ಯಾನ್ ಬೇಡ. ಗ್ಯಾಡೋಲಿನಿಯಂ (ಚಿತ್ರ ಸ್ಪಷ್ಟವಾಗಲು ಕೊಡುವ ಚುಚ್ಚುಮದ್ದು) ಕೊಡದೆ ಮಾಡುವ ಎಂಆರ್‌ಐ, ಅಲ್ಟ್ರಾಸೌಂಡ್ ಇವೆ.

ಮೊದಲ 12 ವಾರ ಮಗುವಿನ ಅಂಗಾಂಗ ರೂಪುಗೊಳ್ಳುವ ಕಾಲ. ಕಾಯಿಲೆ ನಿಧಾನವಾಗಿದ್ದರೆ ಕಾಯಬಹುದು. ಆಗದಿದ್ದರೆ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಕೊಡುತ್ತಾರೆ; ಅದರ ಹೆಚ್ಚಿನ ಭಾಗವನ್ನು ಮಾಸು ತಡೆಯುತ್ತದೆ, ಡೆಕ್ಸಾಮೆಥಸೋನ್ ಎಂಬ ಇನ್ನೊಂದು ಸ್ಟಿರಾಯ್ಡ್ ಆದರೆ ದಾಟಿಬಿಡುತ್ತದೆ. ಕೆಲವೊಮ್ಮೆ ವಿನ್‌ಬ್ಲಾಸ್ಟಿನ್ ಎಂಬ ಕೀಮೊ ಔಷಧಿ ಒಂದನ್ನೇ ಕೊಡುವುದುಂಟು. ಎದೆಯ ಗಡ್ಡೆ ಉಸಿರಾಟಕ್ಕೇ ತೊಡಕಾಗಿದ್ದರೆ ಗರ್ಭಪಾತದ ಮಾತನ್ನೂ ಮುಚ್ಚುಮರೆಯಿಲ್ಲದೆ ಆಡಬೇಕು. ತೀರ್ಮಾನ ಮಾತ್ರ ಆಕೆಯದು, ಅತ್ತೆಮನೆಯದಲ್ಲ.

12 ವಾರ ದಾಟಿದ ಮೇಲೆ ಎಬಿವಿಡಿ (ನಾಲ್ಕು ಔಷಧಿಗಳ ಕೀಮೊ) ಕೊಡಬಹುದು ಎನ್ನುವುದು ಹೆಚ್ಚಾಗಿ ಮೊದಲ ಬಾರಿಯ ಕಾಯಿಲೆಗೆ ಸಲ್ಲುವ ಮಾತು. ಮರುಕಳಿಸಿದವರ ಹಳೆಯ ಫೈಲ್ ತೆಗೆದು ಲೆಕ್ಕ ಹಾಕಿ. ಕೀಮೊದ ಒಂದು ಸೈಕಲ್‌ಗೆ (ಸುತ್ತಿಗೆ) ಮೈಯ ವಿಸ್ತೀರ್ಣದ ಚದರ ಮೀಟರಿಗೆ 50 ಮಿ.ಗ್ರಾಂ. ಡಾಕ್ಸೊರುಬಿಸಿನ್ (ಎಬಿವಿಡಿಯ ಔಷಧಿಗಳಲ್ಲೊಂದು), ಆರು ಸೈಕಲ್‌ಗೆ 300. ಈ ಮೊತ್ತ 400 ದಾಟಿದಷ್ಟೂ ಹೃದಯ ಸೋಲುವ ಭಯ ಹೆಚ್ಚು. ಗರ್ಭಿಣಿಯ ಹೃದಯ ಮೊದಲೇ ಶೇ. 40ರಷ್ಟು ಹೆಚ್ಚು ದುಡಿಯುತ್ತಿರುತ್ತದೆ. ಹಾಗಾಗಿ ಎಕೋ (ಹೃದಯದ ಸ್ಕ್ಯಾನ್) ಮಾಡದೆ ಒಂದು ಹನಿಯೂ ಬೇಡ. ಎಬಿವಿಡಿಯ ಇನ್ನೊಂದು ಔಷಧಿ ಬ್ಲಿಯೋಮೈಸಿನ್ ಹಿಂದೆ ಕೊಟ್ಟಿದ್ದರೆ ಶ್ವಾಸಕೋಶವನ್ನೂ ನೋಡಿ. ಡೋಸ್ ಇಂದಿನ ತೂಕಕ್ಕೆ, ಫೈಲಿನ ತೂಕಕ್ಕಲ್ಲ.

ಬಸಿರಿನಲ್ಲಿ ಸಾಮಾನ್ಯವಾಗಿ ಕಾಯಿಲೆಯನ್ನು ಹದ್ದುಬಸ್ತಿನಲ್ಲಿಟ್ಟರೆ ಸಾಕು. ಕಾಂಡಕೋಶ (ರಕ್ತ ಹುಟ್ಟಿಸುವ ಮೂಲಕೋಶ) ಕಸಿ, ಬ್ರೆಂಟುಕ್ಸಿಮಾಬ್, ನಿವೊಲುಮಾಬ್‌ನಂಥ ಹೊಸ ಔಷಧಿ ಎಲ್ಲ ಹೆರಿಗೆಯ ನಂತರ. ತಾಯಿಯ ರೋಗನಿರೋಧಕ ಶಕ್ತಿ ಮಗುವಿನ ಮೇಲೆ ತಿರುಗಿ ಬೀಳದಂತೆ ತಡೆಯುವ ಬ್ರೇಕುಗಳಲ್ಲೊಂದನ್ನೇ ನಿವೊಲುಮಾಬ್ ಸಡಿಲಿಸುತ್ತದೆ.

ಎಡವಟ್ಟಾಗುವುದು ಕೊನೆಯಲ್ಲಿ. ಕೀಮೊ ಆದ ಎರಡು ವಾರದ ಆಸುಪಾಸಿನಲ್ಲಿ ರಕ್ತಕಣಗಳು ತಳ ಮುಟ್ಟುತ್ತವೆ. ಆಗ ಹೆರಿಗೆ ನೋವು ಶುರುವಾದರೆ ರಕ್ತಸ್ರಾವ, ಸೋಂಕು ಎರಡೂ ಕಾಡುತ್ತವೆ. ಆದ್ದರಿಂದ ಹೆರಿಗೆಗೆ ಮೂರು ವಾರ ಮೊದಲೇ ಕೀಮೊ ನಿಲ್ಲಿಸಬೇಕು. 35 ವಾರದ ನಂತರ ಹೊಸ ಸೈಕಲ್ ಬೇಡ. ಹೆರಿಗೆಗೆ ಗುರಿ 37 ವಾರ. ‘ಬೇಗ ಹೆರಿಗೆ ಮಾಡಿಸಿ ಕಸಿಗೆ ಹೋಗೋಣ’ ಎಂದು ಸುಮ್ಮನೆ 32ಕ್ಕೇ ಹೊರತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ್ದೇ ಮಗುವಿಗೆ ದೊಡ್ಡ ಪೆಟ್ಟಾಗುತ್ತದೆ.

ರಕ್ತ ಕೊಡಬೇಕಾದರೆ ವಿಕಿರಣಕ್ಕೊಡ್ಡಿದ ರಕ್ತವನ್ನೇ ಕೇಳಿ. ಕೀಮೊ ಮುಂದುವರಿದರೆ ಎದೆಹಾಲು ಬೇಡ. ಬಿ-ಕೋಶದ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣದ) ಲಿಂಫೋಮಾಗೆ ಕೊನೆಯ ತಿಂಗಳುಗಳಲ್ಲಿ ಆ ಕೋಶಗಳನ್ನು ಮಗುವಿನಲ್ಲೂ ಅಳಿಸಬಲ್ಲ ರಿಟುಕ್ಸಿಮಾಬ್ ಕೊಟ್ಟಿದ್ದರೆ ಆ ವಿಷಯವನ್ನು ಮಗುವಿನ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿ. ಇಲ್ಲದಿದ್ದರೆ ವಾರ್ಡಿನ ಸಿಸ್ಟರ್ ಎಂದಿನಂತೆ ಬಿಸಿಜಿ, ಪೋಲಿಯೊ ಹನಿ ಹಾಕಿಬಿಡುತ್ತಾರೆ. ಎರಡೂ ಜೀವಂತ ಲಸಿಕೆ. ಮಗುವಿನ ಬಿ-ಕೋಶ ಎಣಿಕೆ ನೋಡಿದ ಮೇಲೇ ಹಾಕಿಸಿ.