ಮೂರು ಡಾಲರ್ ರಬ್ಬರ್ ರಿಂಗು ಮತ್ತು ಟರ್ಬೊ ಆಸೆ

ಮೊನ್ನೆ ಇಲ್ಲಿ ನಾರ್ತ್ ಕೆರೋಲಿನಾದ ಕನ್ನಡ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, 94ರ ಮಿಯಾಟಾ ಕಾರು ತಗೊಂಡೆ. ಪವರ್ ಜಾಸ್ತಿ ಆಗೋಕೆ ಟರ್ಬೊ ಹಾಕಿಸ್ಬೇಕು, ಯಾವ್ದು ಒಳ್ಳೇದು?" ನಾನು ಕೇಳಿದೆ, "ಮಳೆ ಬಂದಾಗ ಸೀಟಿನ ಹಿಂದೆ ಕಾರ್ಪೆಟ್ ಒದ್ದೆ ಆಗುತ್ತಾ, ಮುಟ್ಟಿ ನೋಡಿದ್ಯಾ?" ಅವನಿಗೆ ಸ್ವಲ್ಪ ಬೇಜಾರಾಯಿತು. ಮದುವೆ ಊಟದ ಮೆನು ಕೇಳಿದವನಿಗೆ ಬಾವಿಯಲ್ಲಿ ನೀರಿದೆಯಾ ಅಂದ ಹಾಗಾಯಿತು.

ನನ್ನದೂ ಅದೇ ಗಾಡಿ, 1992ರ ಮಾಡೆಲ್. ಮಜ್ದಾ ಎಂಎಕ್ಸ್-5, ಅಮೆರಿಕದಲ್ಲಿ ಮಿಯಾಟಾ ಅಂತಲೇ ಹೆಸರು. ಎರಡೇ ಸೀಟು, ಕಪ್ಪೆಗಣ್ಣಿನ ಹಾಗೆ ಮೇಲೇಳುವ ಲೈಟು. 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ, ತೂಕ ಹೆಚ್ಚುಕಡಿಮೆ ಒಂದು ಟನ್. ಅಪ್ಪನ ಚೇತಕ್ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ ಕಿಕ್ ಹೊಡೆದು ಬೆಳೆದವನು ನಾನು. ಹಾಗಾಗಿ ಈ ಗಾಡಿ ಜೊತೆ ಬೇಗ ಹೊಂದಿಕೊಂಡೆ.

ಈ ಗಾಡಿ ಸಾಯುವುದು ಎಂಜಿನ್‌ನಿಂದಲ್ಲ, ನೀರಿನಿಂದ. ಬಟ್ಟೆ ಟಾಪಿನ ಮೇಲೆ ಬಿದ್ದ ಮಳೆ ಸೀಟಿನ ಹಿಂದೆ ಎರಡೂ ಬದಿ ಒಂದೊಂದು ಕೊಳವೆಗೆ ಇಳಿದು ಕೆಳಗೆ ಹೋಗಬೇಕು. ನಮ್ಮ ಕಡೆ ಪೈನ್ ಮರ ಜಾಸ್ತಿ. ಅದರ ಸೂಜಿ ಎಲೆ ಕೊಳವೆಗೆ ಬಿದ್ದು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ತಗಡಿನ ಒಳಗೆ ಹೋಗಿ ಕೂರುತ್ತದೆ. ಹಿಂದಿನ ಚಕ್ರದ ಮುಂದೆ ಪೇಂಟು ಗುಳ್ಳೆ ಎದ್ದಿತು ಅಂದರೆ ಒಳಗೆ ಆಗಲೇ ತೂತು. ಪರೀಕ್ಷೆ ಸುಲಭ. ಕೊಳವೆ ಬಾಯಿಗೆ ಒಂದು ಚೊಂಬು ನೀರು ನಿಧಾನಕ್ಕೆ ಸುರಿಯಿರಿ, ಗಾಡಿ ಕೆಳಗೆ ಬಗ್ಗಿ ನೋಡಿ. ಕಟ್ಟಿದ್ದರೆ ಕಬ್ಬಿಣದ ತಂತಿ ತೂರಬೇಡಿ, ಕೊಳವೆ ಸೀಳುತ್ತದೆ. ಹುಲ್ಲು ಕತ್ತರಿಸುವ ಟ್ರಿಮ್ಮರ್‌ನ ಪ್ಲಾಸ್ಟಿಕ್ ದಾರ ಸಾಕು.

ಈಗ ರಿಂಗಿನ ಕಥೆ. ಮೂರು ವರ್ಷದ ಹಿಂದೆ ಗೇರ್‌ಬಾಕ್ಸ್ ಮುಂಭಾಗದಿಂದ ಎಣ್ಣೆ ತೊಟ್ಟಿಕ್ಕಲು ಶುರುವಾಯಿತು. ಒಂದು ಗ್ಯಾರೇಜಿಗೆ ಹೋದೆ. ಎಂಜಿನ್ ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, 1,400 ಡಾಲರ್ ಅಂದರು. ಮನಸ್ಸು ಒಪ್ಪಲಿಲ್ಲ. ಮನೆಗೆ ಬಂದು ಟಾರ್ಚು, ಹೆಂಡತಿಯ ಪುಟ್ಟ ಕನ್ನಡಿ ಹಿಡಿದು ಎಂಜಿನ್ ಹಿಂದೆ ಇಣುಕಿದೆ. ಮೇಲ್ಗಡೆಯೂ ಎಣ್ಣೆ! ಎಣ್ಣೆ ಮೇಲಿಂದ ಕೆಳಗೆ ಇಳಿಯುತ್ತದೆ, ಕೆಳಗಿಂದ ಮೇಲೆ ಹತ್ತಲ್ಲ, ಅಲ್ವಾ?

ಎಂಜಿನ್ ತಲೆಯ ಹಿಂದೆ, ಕ್ಯಾಬಿನ್ ಗೋಡೆಗೆ ಒತ್ತಿಕೊಂಡ ಹಾಗೆ ಕ್ಯಾಮ್ ಆ್ಯಂಗಲ್ ಸೆನ್ಸರ್ ಇದೆ. ಎಂಜಿನ್ ಎಷ್ಟು ತಿರುಗಿದೆ ಅಂತ ಕಂಪ್ಯೂಟರಿಗೆ ಹೇಳುವುದು ಇದೇ. ಅದರ ಕುತ್ತಿಗೆಗೊಂದು ರಬ್ಬರ್ ಓ-ರಿಂಗ್, ಮೂರು ಡಾಲರ್. ಸೆನ್ಸರನ್ನು ಹಿಡಿದಿರುವುದು ಹನ್ನೆರಡರ ಸ್ಪ್ಯಾನರಿನ ಒಂದೇ ಬೋಲ್ಟು. ಆದರೆ ಅಲ್ಲಿ ಕೈ ಹೋದರೆ ಕಣ್ಣು ಹೋಗಲ್ಲ, ಕಣ್ಣು ಹೋದರೆ ಕೈ ಹೋಗಲ್ಲ. ಬಿಚ್ಚುವ ಮುಂಚೆ ಸೆನ್ಸರ್ ಮತ್ತು ಎಂಜಿನ್ ಮೇಲೆ ಒಂದೇ ನೇರಕ್ಕೆ ನೇಲ್ ಪಾಲಿಶ್ ಗೆರೆ ಎಳೆದೆ. ಸೆನ್ಸರ್ ಸ್ವಲ್ಪ ತಿರುಗಿದರೂ ಟೈಮಿಂಗ್, ಅಂದರೆ ಕಿಡಿ ಹೊತ್ತುವ ಸಮಯ, ಕೆಡುತ್ತದೆ. ಹಳೇ ರಿಂಗು ಒಣ ಕೊಬ್ಬರಿ ಚೂರಿನ ಹಾಗೆ ಕೈಯಲ್ಲೇ ಲಟಕ್ಕನೆ ಮುರಿಯಿತು. ಹೊಸದಕ್ಕೆ ಎಣ್ಣೆ ಸವರಿ ಕೂರಿಸಿದೆ. ಬಾನೆಟ್ ಒಳಗಿನ ಡಯಾಗ್ನೋಸ್ಟಿಕ್ ಡಬ್ಬಿಯಲ್ಲಿ ಟಿಇಎನ್, ಜಿಎನ್‌ಡಿ ಅಂತ ಬರೆದ ಎರಡು ಪಿನ್ನುಗಳ ನಡುವೆ ತಂತಿ ಸೇರಿಸಿ, ಟೈಮಿಂಗ್ ಲೈಟ್ ಹಿಡಿದು 10 ಡಿಗ್ರಿ ಇದೆಯಾ ನೋಡಿದೆ. ಇತ್ತು. ಸೀಲ್ ಇವತ್ತಿಗೂ ಹಳೇದೇ.

ಗ್ಯಾರೇಜಿನವರು ಮೋಸ ಮಾಡಿದರು ಅನ್ನಲ್ಲ. ಇಂಥ ಗಾಡಿ ಬಿಚ್ಚಿ ಅಭ್ಯಾಸ ಇರುವವರು ಈಗ ಕಡಿಮೆ, ಅಷ್ಟೇ.

ಟರ್ಬೊ ವಿಷಯಕ್ಕೆ ಬರ್ತೀನಿ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ನೋಡಿ. ಕಪ್ಪಗಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಯಾವತ್ತಾದರೂ ಸೀಳುತ್ತದೆ. ಟರ್ಬೊ ಹಾಕಿದರೆ ಶಾಖ ಜಾಸ್ತಿ, ಸೀಳುವ ದಿನ ಇನ್ನೂ ಹತ್ತಿರ. ಸಸ್ಪೆನ್ಶನ್ ಕೀಲುಗಳಲ್ಲಿರುವ ಮೂವತ್ತು ವರ್ಷದ ರಬ್ಬರ್ ಬುಶ್ ಹಾಗೇ ಬಿಟ್ಟು ಗಾಡಿ ತಗ್ಗಿಸುವ ಸ್ಪ್ರಿಂಗ್ ಹಾಕುವವರನ್ನಂತೂ ಕಂಡರೆ ನನಗೆ ಆಗಲ್ಲ. ಈ ಗಾಡಿಯ ಸಸ್ಪೆನ್ಶನ್ ಏರಿಳಿಯುವ ಜಾಗವೇ ಕಮ್ಮಿ. ತಗ್ಗಿಸಿದರೆ ಪ್ರತಿ ಗುಂಡಿಗೂ ಧಡ್ ಧಡ್. ಒಳ್ಳೇ ಟೈರು, ಸರಿಯಾದ ಅಲೈನ್‌ಮೆಂಟ್ ಮಾಡಿಸಿ ಓಡಿಸಿ ನೋಡಿ. ಇರುವ ಅಶ್ವಶಕ್ತಿ ಕಮ್ಮಿ ಅನ್ನಿಸಿದರೆ ಆಮೇಲೆ ಮಾತಾಡೋಣ.

ರಾತ್ರಿ ಲೈಟು ಮೇಲೇಳದಿದ್ದರೆ ಗಾಬರಿ ಬೇಡ. ಅದರ ಫ್ಯೂಸ್ ಕಿತ್ತು, ಮೋಟರಿನ ರಬ್ಬರ್ ಟೋಪಿ ತೆಗೆದು, ಒಳಗಿನ ನಾಬನ್ನು ಕೈಯಲ್ಲೇ ತಿರುಗಿಸಿ. ಬ್ಯಾಟರಿ ಡಿಕ್ಕಿಯಲ್ಲಿದೆ, ಅದರ ಗ್ಯಾಸ್ ಹೊರಗೆ ಹೋಗುವ ಕೊಳವೆ ಸಿಕ್ಕಿಸಿದೆಯಾ ನೋಡಿ. 1990, 91ರ ಗಾಡಿ ಕೊಳ್ಳುವುದಾದರೆ ಎಂಜಿನ್ ಮುಂದೆ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿ ಅಲುಗಾಡುತ್ತಾ ಅಂತ ನೋಡದೆ ದುಡ್ಡು ಕೊಡಬೇಡಿ. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ತೂರಲೇಬೇಡಿ, ಸ್ಟ್ಯಾಂಡ್ ಇಡಿ.

ನಿನ್ನೆ ಆ ಹುಡುಗ ಫೋಟೊ ಕಳಿಸಿದ್ದ. ಒಂದು ಹಿಡಿ ಪೈನ್ ಸೂಜಿ, ಒಂದು ಪೆನ್ನಿನ ಕ್ಯಾಪು. ಬಲಗಡೆ ನೀರು ಸರಾಗ ಇಳಿಯುತ್ತಿದೆಯಂತೆ, ಎಡಗಡೆ ಇನ್ನೂ ಕಟ್ಟಿದೆ. ಶನಿವಾರ ಬರ್ತಾನೆ. ಟ್ರಿಮ್ಮರ್ ದಾರ ತೆಗೆದಿಟ್ಟಿದ್ದೇನೆ.