ಮಡಕೆಯ ತಳದಲ್ಲಿ ಒಂದು ಹೆಸರು

ಅಡಿಲೇಡ್‌ಗೆ ಬಂದು ಒಂಬತ್ತು ವರ್ಷವಾಯಿತು. ಈ ಸಲ ಜುಲೈ ರಜೆಯಲ್ಲಿ ಮನೆಯವರೆಲ್ಲ ಸೇರಿ ಹರ್ಮನ್ಸ್‌ಬರ್ಗ್ ನೋಡಿ ಬಂದೆವು. ಆಸ್ಟ್ರೇಲಿಯಾದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 130 ಕಿಲೋಮೀಟರ್. ಕೆಂಪು ಮಣ್ಣು, ಬತ್ತಿದ ಫಿಂಕ್ ನದಿ, ಸುಣ್ಣ ಬಳಿದ ಕಲ್ಲಿನ ಮನೆಗಳು, ನಡುವೆ ಖರ್ಜೂರದ ಮರಗಳು. ಊರು ಅರಂಡ ಎಂಬ ಮೂಲನಿವಾಸಿ ಜನರದ್ದು. ಅವರು ಅದನ್ನು ನ್ತಾರಿಯಾ ಅನ್ನುತ್ತಾರೆ. ಜರ್ಮನಿಯಿಂದ ಬಂದ ಲೂಥರನ್ ಪಾದ್ರಿಗಳು ನಮ್ಮ ಅಡಿಲೇಡ್ ಕಡೆಯಿಂದಲೇ ಹೊರಟು, ಮರುಭೂಮಿಯಲ್ಲಿ ಇಪ್ಪತ್ತು ತಿಂಗಳು ಪಾಡು ಪಟ್ಟು, 1877ರಲ್ಲಿ ಇಲ್ಲಿ ಮಿಷನ್ ಕಟ್ಟಿದರು. ಜಮೀನು ಮತ್ತೆ ಮೂಲನಿವಾಸಿಗಳ ಕೈಗೆ ಬಂದದ್ದು 1982ರಲ್ಲಿ.

ಕಾರ್ಲ್ ಸ್ಟ್ರೆಲೊ ಎಂಬ ಪಾದ್ರಿ 1894ರಲ್ಲಿ ಇಲ್ಲಿಗೆ ಬಂದರು. ಆ ಇಸವಿ ಓದಿದ ಕೂಡಲೇ ನನಗೆ ಕಿಟ್ಟೆಲ್ ನೆನಪಾದರು. ಅವರ ಕನ್ನಡ ನಿಘಂಟು ಮಂಗಳೂರಲ್ಲಿ ಅಚ್ಚಾದದ್ದು ಅದೇ ವರ್ಷ. ಸ್ಟ್ರೆಲೊ ಕೂಡ ಅರಂಡ ಮಾತು ಕಲಿತು ನಿಘಂಟು ಬರೆದರು. ಪಾಪ, ಅದು ಕೈಬರಹದಲ್ಲೇ ಉಳಿದು, ಅಚ್ಚಾದದ್ದು 2018ರಲ್ಲಿ! ಆದರೆ ಒಂದು ವಿಷಯ ನನ್ನ ಮನಸ್ಸು ಹಿಡಿಯಿತು. ತನಗೆ ಕತೆ, ಹಾಡು ಹೇಳಿಕೊಟ್ಟ ಹಿರಿಯರ ಹೆಸರನ್ನು ಸ್ಟ್ರೆಲೊ ಬರೆದಿಟ್ಟಿದ್ದಾರೆ. ಲೊವಾಟ್ಜಿರ, ತ್ಜಾಲ್ಕಬೊಟ ಇವರನ್ನೆಲ್ಲ ಇವತ್ತಿಗೂ ಹೆಸರು ಹಿಡಿದು ನೆನೆಯುತ್ತಾರೆ. ಕಿಟ್ಟೆಲ್ ಅವರನ್ನು ನಾವು ಪ್ರೀತಿಯಿಂದ ನೆನೆಯುತ್ತೇವೆ, ನೆನೆಯಲೇಬೇಕು. ಅವರಿಗೆ ಪದ ಹೇಳಿಕೊಟ್ಟ ಕನ್ನಡಿಗರ ಹೆಸರು ನಮ್ಮಲ್ಲಿ ಎಷ್ಟು ಜನರ ಬಾಯಿಗೆ ಬರುತ್ತದೆ?

ಇಲ್ಲಿನ ಹೆಂಗಸರು 1990ರಿಂದ ಮಡಕೆ ಮಾಡುತ್ತಿದ್ದಾರೆ. ತಿಗರಿ ಇಲ್ಲ. ಮಣ್ಣನ್ನು ಉದ್ದಕ್ಕೆ ಹೊಸೆದು, ಸುತ್ತಿ ಸುತ್ತಿ ಮೇಲಕ್ಕೆ ಎಬ್ಬಿಸುತ್ತಾರೆ. ಹೊಟ್ಟೆಯ ಸುತ್ತ ತಮ್ಮ ಬೆಟ್ಟ, ನದಿ, ಮರಗಳ ಚಿತ್ರ. ಮುಚ್ಚಳದ ಮೇಲೆ ಹಕ್ಕಿಯೋ ಪ್ರಾಣಿಯೋ ಕೂತಿರುತ್ತದೆ. ನಾನು ನೋಡಿದ್ದರ ಮೇಲೆ ಒಂದು ಕಪ್ಪು ಕಾಕಟೂ ಗಿಳಿ, ಬಾಲದಲ್ಲಿ ಕೆಂಪು ಪಟ್ಟಿ. ಮೆಲ್ಲಗೆ ತಿರುಗಿಸಿದರೆ ತಳದಲ್ಲಿ ಮಾಡಿದವರ ಹೆಸರು. ಜೊತೆಗೊಂದು ಚೀಟಿ: ಇವರು ಯಾರು, ಚಿತ್ರದಲ್ಲಿರುವ ಜಾಗ ಯಾವುದು, ಅದು ಇವರಿಗೆ ಹೇಗೆ ಸೇರಿದ್ದು ಅಂತ.

ಹೆಸರು ಹಾಕಿದರೆ ಎಲ್ಲ ಸರಿಹೋಯಿತು ಅಂತಲ್ಲ. ಇದೇ ಊರಲ್ಲಿ 1902ರಲ್ಲಿ ಹುಟ್ಟಿದ ಅರಂಡ ಕಲಾವಿದ ಆಲ್ಬರ್ಟ್ ನಮಾಟ್ಜಿರ 1936ರಲ್ಲಿ ಒಬ್ಬ ಚಿತ್ರಕಾರನ ಒಂಟೆ ನೋಡಿಕೊಳ್ಳಲು ಹೋಗಿ ಜಲವರ್ಣ ಕಲಿತರು. 1938ರಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಪ್ರದರ್ಶನ, ಅಷ್ಟೂ ಚಿತ್ರ ಮಾರಾಟವಾದವು. ದೇಶಕ್ಕೆಲ್ಲ ಹೆಸರು ಗೊತ್ತು, ಪೌರತ್ವ ಕೊಟ್ಟದ್ದು ಮಾತ್ರ 1957ರಲ್ಲಿ. ಮರುವರ್ಷವೇ, ಪೌರತ್ವವಿಲ್ಲದ ಇನ್ನೊಬ್ಬ ಮೂಲನಿವಾಸಿಗೆ ಮದ್ಯ ಕೊಟ್ಟರು ಅಂತ ಶಿಕ್ಷೆ. 1959ರಲ್ಲಿ ತೀರಿಕೊಂಡರು. ಅವರ ಚಿತ್ರಗಳ ಹಕ್ಕು ಬೇರೆಯವರ ಪಾಲಾಗಿ, ಮನೆಯವರ ಕಡೆಗೆ ಮರಳಿದ್ದು 2017ರಲ್ಲಿ. ಅವರಿದ್ದ ಎರಡು ಕೋಣೆಯ ಮನೆ ಮುಂದೆ ನಿಂತಾಗ ಹೊಟ್ಟೆಯೊಳಗೆ ಸಂಕಟವಾಯಿತು.

ಆದರೂ ಇಲ್ಲಿನವರು ತಪ್ಪಿನಿಂದ ಕಲಿತಿದ್ದಾರೆ. ನಾವು ಶುರುವೇ ಮಾಡಿಲ್ಲ ಅನಿಸುತ್ತದೆ. ನಮ್ಮದು ಸಾಗರದ ಕಡೆ. ಅಲ್ಲಿ ದೀವರ ಹೆಂಗಸರು ಪುಂಡಿ ನಾರಿನ ಕುಂಚದಲ್ಲಿ, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನಿಂದ ಹಸೆ ಚಿತ್ತಾರ ಬರೆಯುತ್ತಾರೆ. ಎಂಥ ಗೆರೆ ಅದು, ಕೂದಲೆಳೆಯಷ್ಟು ಸಣ್ಣ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡ ಅಂಥದೊಂದು ಚಿತ್ತಾರ ನಮ್ಮ ಹಜಾರದಲ್ಲಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅಂಗಡಿಯ ಹೆಸರಿದೆ, ಬೆಲೆಯಿದೆ, ಬರೆದವರ ಹೆಸರಿಲ್ಲ. ಮಾರುವವರು ಒಂದು ಚೀಟಿ ಅಂಟಿಸಲು ಎಷ್ಟು ಹೊತ್ತು ಬೇಕು? ಕೊಳ್ಳುವ ನಾವೂ ಕೇಳಬೇಕು, ಅಲ್ವಾ?

ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಅವರು ದೊಡ್ಡದು ಮಾಡಿ ನೋಡಿದರು. "ನಮ್ಮ ಸೀಮೆಯದೇ ಹೌದು. ಆದ್ರೆ ನಮ್ಮೂರ ಕೈಯಲ್ಲ ಕಣೋ, ಮೂಲೆಗೆ ಬಂದಾಗ ಗೆರೆ ಬೇರೆ ಥರ ತಿರುಗಿದೆ" ಅಂದರು. ಊರಲ್ಲಿ ಗೆರೆ ನೋಡಿ ಕೈ ಗುರುತು ಹಿಡಿಯುವವರು ಇನ್ನೂ ಇದ್ದಾರೆ. ಡಿಸೆಂಬರ್‌ನಲ್ಲಿ ಹೋದಾಗ ಆ ಅಂಗಡಿಗೆ ಹೋಗಿ ಕೇಳುತ್ತೇನೆ. ಅಲ್ಲಿ ಗೊತ್ತಾಗದಿದ್ದರೆ ಚಿತ್ತಾರವನ್ನೇ ಸಾಗರಕ್ಕೆ ತೆಗೆದುಕೊಂಡು ಹೋಗುತ್ತೇನೆ.